ಅವ್ವನಿಗೆ ಓದಿದ ಇಂಗ್ಲಿಷ್ ಕಥೆ

ಶಿಕಾರಿಪುರ, ೧೪-೫-೧೯೫೮, ಬುಧವಾರ

ಅವ್ವನಿಗೆ ಆ ಕಥೆ ಓದಬಾರದಿತ್ತು. ಮೈಸೂರಿನ ಆನರ್ಸ್ ತರಗತಿಯಲ್ಲಿ ಮೇಷ್ಟರು ಇಂಗ್ಲಿಷಿನಲ್ಲಿ ಒಂದು ಕಥೆ ಬರೆದು ತರಲು ಹೇಳಿದ್ದರು. ಹೋದ ವರ್ಷ ತೀರಿಕೊಂಡ ತಂಗಿ ಹಾಲಮ್ಮನ ಮೇಲೆ ಬರೆದಿದ್ದೆ. ಅವಳ ಕಥೆಯೆಂದು ಗೊತ್ತಾದ ಮೇಲೆ, ಇಂಗ್ಲಿಷಿನದು, ತಿಳಿಯುವುದಿಲ್ಲ ಎಂದರೂ ಅವ್ವ ಬಿಡಲಿಲ್ಲ. ಪುರಾಣಕ್ಕೆ ಕೂರುವಂತೆ ತಲೆಮೇಲೆ ಸೆರಗು ಹೊದ್ದು ಕೂತು ಕೊನೆಯವರೆಗೂ ಕೇಳಿದಳು. ಆಮೇಲೆ ಮೆಲ್ಲಗೆ ಅಂದಳು:

"ಅವಳ ಹೆಸ್ರು ಎಲ್ಲೂ ಬರ್ಲೇ ಇಲ್ವಲ್ಲೋ. ಬಂದಾಗ ಹೂಂ ಅನ್ನಾಣ ಅಂತ ಕುಂತಿದ್ದೆ."

ಇಂಗ್ಲಿಷ್ ಕಥೆಗೆ ಹೊಂದುವುದಿಲ್ಲವೆಂದು ಹಾಲಮ್ಮನನ್ನು ಮೇರಿ ಮಾಡಿದ್ದೆ. ಥೂ, ನನ್ನ ಜಾಣತನವೇ.

ಮತ್ತೆ ಮೊದಲಿನಿಂದ ಓದಿದೆ, ಮೇರಿ ಇದ್ದಲ್ಲೆಲ್ಲ ಹಾಲಮ್ಮ ಎನ್ನುತ್ತ. ಪ್ರತಿಸಲವೂ ಅವ್ವ ಹೂಂಗುಟ್ಟಿದಳು. ಹುಡುಗಿ ಸಾಯುವ ಪುಟ ಬಂತು. ಅಲ್ಲಿ ಮಾತ್ರ ಮೇರಿ ಎಂದೇ ಓದಿದೆ.

ಕಥೆ ಮುಗಿದದ್ದು ಅವ್ವನಿಗೆ ತಿಳಿಯಲಿಲ್ಲ. ಮುಂದಿನ ಹೆಸರಿಗೆ ಕಾಯುತ್ತಲೇ ಕೂತಿದ್ದಳು.