ಬಿಳಿ ಕೋಳಿಗೆ ಬಿಳಿ ಅಕ್ಕಿ

ದೊಡ್ಡಮ್ಮ,

ನಿನ್ನ ತಿಥಿಗೆ ಬಂದವರು ಉಂಡು, ಎಲೆಅಡಿಕೆ ಹಾಕಿಕೊಳ್ಳುತ್ತಾ, "ಪಾಪ, ಒಳ್ಳೆ ಹೆಂಗಸು, ಓದುಬರಹ ಒಂದಿರ್ಲಿಲ್ಲ" ಅಂದರು. ಅವತ್ತು ಏರಿದ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಓದುಬರಹ ಬಂದ ನಾನು ಕಡಿದು ಕಟ್ಟೆ ಹಾಕಿದ್ದೇನು?

ಆ ಬಿಳಿ ಸೀಮೆಕೋಳಿಗಳು ಬಂದ ದಿನ ನೆನಪಿದೆಯಾ? ಸರ್ಕಾರದ ಕಡೆಯಿಂದ ಹಂಚಲು ಬಂದ ಸಾಹೇಬರು, ಮೊಟ್ಟೆ ಅಂದರೆ ಮೊಟ್ಟೆ, ಯಾವ ಕೋಳಿಯದಾದರೇನು ಎಂದು ಹೇಳಿ ಶಿಡ್ಲಘಟ್ಟದ ಬಸ್ಸು ಹತ್ತಿದರು. ನಿನ್ನ ನಾಟಿ ಕೋಳಿಗಳು ಹಿಪ್ಪುನೇರಳೆ ತೋಟ ಕೆದಕಿ, ಗೆದ್ದಲು ಹೆಕ್ಕಿ, ರೇಷ್ಮೆಹುಳು ತಿಂದು ಉಳಿಸಿದ ಸೊಪ್ಪು ಕುಕ್ಕಿ ಬದುಕುತ್ತಿದ್ದವು. ಹುಳು ಮೇಯಿಸುವ ದಿನಗಳಲ್ಲಿ ಮಾತ್ರ ಮಂಕರಿಯಡಿ ಕೈದಿಗಳು. ನಾನು ತೆಗೆದುಕೊಂಡ ಬಿಳಿಯವಕ್ಕೆ ವರ್ಷವಿಡೀ ತಂತಿಯ ಪಂಜರ, ಬರೀ ಅಕ್ಕಿನುಚ್ಚು. ನಮಗೆ ರಾಗಿಮುದ್ದೆ, ಕೋಳಿಗೆ ಅಕ್ಕಿ! ಹಬ್ಬಕ್ಕಷ್ಟೇ ಅನ್ನ ಕಾಣುವ ಸೀಮೆಯಲ್ಲಿ ಇದಕ್ಕಿಂತ ಮರ್ಯಾದೆ ಬೇಕೆ ಎಂದು ಬೀಗಿದೆ.

ನನ್ನ ಹೆಂಡತಿ ಶಾರದೆ ಹೊಸಿಲು ಎಡವಿ ಬಿದ್ದಳಲ್ಲ, ಬಸುರಿ, ಆರು ತಿಂಗಳು. ದೀಪ ಹಚ್ಚುವ ಹೊತ್ತಾದರೆ ಅವಳಿಗೆ ಕಣ್ಣೇ ಕಾಣುತ್ತಿರಲಿಲ್ಲ. ಇರುಳುಗುರುಡು, ಮೊಟ್ಟೆ ಕೊಡಿ ಎಂದರು ಚಿಂತಾಮಣಿಯ ಡಾಕ್ಟರು. ದಿನಕ್ಕೆರಡು ಕೊಟ್ಟೆ. ತಿಂಗಳಾದರೂ ಗೋಡೆ ಹಿಡಿದೇ ನಡೆದಳು. ಆಗ ನೀನು ನನ್ನ ಮೊಟ್ಟೆಯೊಂದನ್ನು ಬಟ್ಟಲಿಗೆ ಒಡೆದು, ಮಜ್ಜಿಗೆಯಂತೆ ಬಿಳಿಚಿದ ಅದರ 'ಹಳದಿ'ಯನ್ನು ನನ್ನ ಮುಖಕ್ಕೆ ಹಿಡಿದೆ.

"ನೀನು ಹಾಕಿದ್ನೇ ಅಲ್ವೇನಪ್ಪಾ ಕೋಳಿ ನಿಂಗೆ ವಾಪಸ್ ಕೊಡೋದು? ಸೊಪ್ಪೇ ಕಾಣದ ಕೋಳಿ ಮೊಟ್ಟೆ ತಿಂದು ಆ ಹುಡುಗಿಗೆ ಕಣ್ಣು ಬರ್ಬೇಕಾ?"

ವಿಟಮಿನ್ 'ಎ' ಯಾವುದರಲ್ಲಿದೆ ಎಂದು ಪರೀಕ್ಷೆಯಲ್ಲಿ ಕೇಳಿದಾಗ 'ಮೊಟ್ಟೆ' ಎಂದು ಬರೆದು ಪೂರ್ತಿ ಅಂಕ ಹೊಡೆದವನು ನಾನು. ಮೊಟ್ಟೆಯೊಳಕ್ಕೆ ಅದು ಎಲ್ಲಿಂದ ಬಂತೆಂದು ಮೇಷ್ಟ್ರು ಕೇಳಲಿಲ್ಲ, ನಾನೂ... ನನಗೆ ಸಲ್ಲಬೇಕಾಗಿದ್ದದ್ದು ಕೋಳಿಮೊಟ್ಟೆಯಷ್ಟು ದುಂಡನೆಯ ಸೊನ್ನೆ. ಆದರೂ ನಿನ್ನದು ಹಳ್ಳಿ ಮಾತು ಎಂದು ರೇಗಿದೆ. ನೀನು ಜಗಳಕ್ಕೆ ನಿಲ್ಲಲಿಲ್ಲ. ಮಾರನೆಯ ದಿನದಿಂದ ನಿನ್ನ ಕೋಳಿಗಳ ಮೊಟ್ಟೆಯನ್ನು ಸೆರಗಲ್ಲಿ ತಂದು, ನುಗ್ಗೆಸೊಪ್ಪಿನ ಸಾರಿನ ಜೊತೆ ಎದುರಿಗೆ ಕೂತು ತಿನ್ನಿಸಿದೆ. ಎಂಟೇ ದಿನ. ಆಮೇಲೆ ಆ ಹಾಳು ಜ್ವರ... ಅಂಥ ಅವಸರ ಏನಿತ್ತು ನಿನಗೆ? ನನ್ನ ಮೂತಿಗೆ ತಿವಿಯುವುದಕ್ಕಾದರೂ ಇರಬಾರದಿತ್ತೆ?

ಪಂಜರ ಕಿತ್ತು ಹಾಕಿದೆ. ಬಿಳಿಯವು ಈಗ ನಿನ್ನವುಗಳ ಹಿಂದೆ ಅಲೆದು ಕೆದಕುವ ವಿದ್ಯೆ ಕಲಿಯುತ್ತಿವೆ. ಶಾರದೆಯ ತಟ್ಟೆಗೆ ನಿನ್ನ ಕೋಳಿಗಳ ಮೊಟ್ಟೆ, ನುಗ್ಗೆಸೊಪ್ಪಿನ ಸಾರು ಒಂದು ದಿನವೂ ತಪ್ಪಿಸಿಲ್ಲ.

ನಿನ್ನೆ ಮುಸ್ಸಂಜೆ, ಇನ್ನೂ ದೀಪ ಹಚ್ಚಿರಲಿಲ್ಲ. ಹೊಸಿಲ ಮೇಲೆ ನಿಂತಿದ್ದ ಶಾರದೆ ಹಿತ್ತಲ ಕಡೆ ಕೈ ತೋರಿಸಿದಳು.

"ರೀ, ದೊಡ್ಡಮ್ಮನ ಕರಿ ಕೋಳಿ ಇನ್ನೂ ಗೂಡು ಸೇರಿಲ್ಲ, ನೋಡ್ರಿ."

ನೋಡಿದೆ. ನನಗೇ ಕಾಣಲಿಲ್ಲ, ದೊಡ್ಡಮ್ಮ.