ಗಾಂಧಾರ ಇಳಿಸುವ ಎರಡು ನಿಮಿಷ

ಡೊಂಬಿವಲಿ ಪೂರ್ವ
12 ನವೆಂಬರ್ 2024

ಪ್ರೀತಿಯ ಸರ್ವೋತ್ತಮಣ್ಣನಿಗೆ ನಳಿನಾಕ್ಷಿಯ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅತ್ತಿಗೆಯ ಮಂಡಿನೋವು ಕಡಿಮೆಯಾಯಿತೇ? ಕಾಗದ ತಡವಾಯಿತು, ಬೈಯಬೇಡ. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯ ಬದಲಾಪುರಕ್ಕೆ ಕಾಗದ ಬರೆಯುವವಳು ಈ ಕಾಲದಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ಫೋನಿನಲ್ಲಿ ನೀನು ಮಾತನಾಡುತ್ತೀಯ, ನಾನು ಹೂಂಗುಟ್ಟುತ್ತೇನೆ. ಈ ಸಲ ನಾನು ಹೇಳಿ ಮುಗಿಸಬೇಕು.

ನೀನು ಹಾಡುವುದು ನಿಲ್ಲಿಸಿದಾಗ ನನಗೆ ಬಿಟ್ಟುಕೊಟ್ಟೆಯಲ್ಲ, ಮಡಿಲಲ್ಲಿಟ್ಟು ಮೀಟುತ್ತಿದ್ದ ನಿನ್ನ ತಂತಿಪೆಟ್ಟಿಗೆ ಸ್ವರಮಂಡಲ, ಅದಕ್ಕೂ ವಯಲಿನ್ ವೃಂದಕ್ಕೂ ಸೇರಿಸಿ ನಾನು ಕಟ್ಟಿದ ಹದಿನಾಲ್ಕು ನಿಮಿಷದ ಸಂಗೀತ ಪೂರ್ತಿಯಾಯಿತು. ಇದರಲ್ಲಿ ಸ್ವರಮಂಡಲವೇ ಮುಂದೆ. ಹನ್ನೆರಡು ವಯಲಿನ್, ಎರಡು ಚೆಲ್ಲೋ ಅದರ ಹಿಂದೆ. "ನವಿಲು ಕಂಡು ಕೆಂಬೂತ ಪುಕ್ಕ ಕೆದರಿದ ಹಾಗಾಯ್ತು" ಎಂದು ನೀನು ನಕ್ಕಿದ್ದೆ. ನಗು ಮಾರಾಯ. ಕೆಂಬೂತಕ್ಕೂ ಪುಕ್ಕ ಇದೆ.

ಅಭ್ಯಾಸ ಸಾನಪಾಡಾದಲ್ಲಿ. ನನ್ನ ಹಳೆಯ ಶಿಷ್ಯೆ ತೃಪ್ತಿ ಅಲ್ಲಿ ಚೆಲ್ಲೋ ನುಡಿಸುತ್ತಾಳೆ, ಅವಳೇ ನನ್ನನ್ನು ಎಳೆದುಕೊಂಡು ಹೋದದ್ದು. ಸ್ವರಮಂಡಲದ ಪೆಟ್ಟಿಗೆ ಹೊತ್ತು ಲೇಡೀಸ್ ಡಬ್ಬಿ ಹತ್ತಿದರೆ ಒಬ್ಬಾಕೆ, "ಮಾವಶಿ, ಇಸ್ತ್ರೀಚಂ ಟೇಬಲ್ ಆಹೇ ಕಾ?" ಎಂದಳು. ಇಸ್ತ್ರಿ ಮೇಜಿಗಾಗಿ ಏಳು ತಿಂಗಳು ತಲೆ ಕೆಡಿಸಿಕೊಂಡೆನಲ್ಲ ಎಂದು ರೈಲು ಠಾಣೆ ಮುಟ್ಟುವವರೆಗೂ ನಗು.

ಸ್ವರಮಂಡಲವನ್ನು ಒಂದು ರಾಗಕ್ಕೆ ಶ್ರುತಿ ಮಾಡಿದರೆ ಅದೊಂದೇ ರಾಗ, ನಿನಗೆ ಗೊತ್ತು. ನಾನು ಭೂಪದಲ್ಲಿ ಆರಂಭಿಸಿ ಶಿವರಂಜನಿಯಲ್ಲಿ ಮುಗಿಸುತ್ತೇನೆ, ಎರಡಕ್ಕೂ ಗಾಂಧಾರದಲ್ಲಷ್ಟೇ ವ್ಯತ್ಯಾಸ. ನಡುವೆ ಎರಡು ನಿಮಿಷ, ವೇದಿಕೆಯ ಮೇಲೆಯೇ, ಗಾಂಧಾರದ ಆರು ತಂತಿಗಳನ್ನು ಕೀಲಿ ತಿರುಗಿಸಿ ಒಂದೊಂದಾಗಿ ಅರ್ಧ ಸ್ವರ ಕೆಳಗೆ, ಕೋಮಲಕ್ಕೆ ಇಳಿಸುತ್ತೇನೆ. ವೃಂದ ಷಡ್ಜ, ಪಂಚಮ ಹಿಡಿದು ಕಾಯಬೇಕು. ಮೂರು ಇಳಿದು ಇನ್ನು ಮೂರು ಉಳಿದಿರುವಾಗ ಸುಖವೋ ದುಃಖವೋ ತಿಳಿಯುವುದಿಲ್ಲ. ಇಡೀ ಸಂಗೀತ ಕಟ್ಟಿದ್ದೇ ಆ ಗಳಿಗೆಗಾಗಿ.

ಮೊದಲ ದಿನ ನಾನು ಕೀಲಿ ಹಿಡಿದದ್ದೇ ತಡ, ಹನ್ನೆರಡು ಮಂದಿಯೂ ತಂತಮ್ಮ ವಯಲಿನ್ ಶ್ರುತಿ ಮಾಡತೊಡಗಿದರು! ಮೀನು ಮಾರ್ಕೆಟ್ಟೇ ಆಯಿತು. ವೃಂದ ನಡೆಸುವ ರಿತೇಶ್ ಕೈಯೆತ್ತಿ ನಿಲ್ಲಿಸಿದ. ನಮ್ಮ ಉಡುಪಿ ಕಡೆಯವನೇ, ಬಾಯಿ ತೆರೆದರೆ ಹಿಂದಿ. "ಆಂಟಿ, ಯೇ ಅಂದರ್ ಕರೋ ನಾ. ಲೋಗ್ ಸೋಚೇಂಗೆ ಕುಛ್ ಗಡಬಡ್ ಹೋ ಗಯಾ" ಎಂದ. ಇದನ್ನು ಒಳಗೇ ಮಾಡಿಕೊಂಡು ಬರಬೇಕಂತೆ, ಇಲ್ಲದಿದ್ದರೆ ಏನೋ ಎಡವಟ್ಟಾಯಿತೆಂದು ಜನ ತಿಳಿಯುತ್ತಾರಂತೆ. ಇನ್ನೊಂದು ಸ್ವರಮಂಡಲವನ್ನು ಮೊದಲೇ ಶ್ರುತಿ ಮಾಡಿ ಪಕ್ಕದಲ್ಲಿಡೋಣ, ಎರಡು ನಿಮಿಷ ತೆಗೆದುಹಾಕೋಣ ಎಂದು ಸಲಹೆ ಬೇರೆ.

"ಅದು ಇದ್ರೆ ಈ ಸಂಗೀತ ಉಂಟು, ಇಲ್ಲದಿದ್ರೆ ಇಲ್ಲ ಮಗಾ. ಇಪ್ಪತ್ತಾರು ವರ್ಷ ಅಣ್ಣನ ಕಚೇರಿಗಳಿಗೆ ಒಳಗೆ ಕೂತು ಶ್ರುತಿ ಮಾಡಿದ್ದು ಸಾಕು" ಎಂದು ಪೆಟ್ಟಿಗೆ ಮುಚ್ಚಿದೆ. ಹಿಡಿದ ಹಠ ಬಿಡಲಿಲ್ಲ. ಆಗ ತೃಪ್ತಿ, "ಏಕ್ ಬಾರ್ ಸುನ್ ತೋ ಲೋ" ಎಂದು, ಒಮ್ಮೆ ಕೇಳಿಯಾದರೂ ನೋಡು ಎಂದು ಅವನಿಗೆ ಹೇಳಿ ಚೆಲ್ಲೋದಲ್ಲಿ ಷಡ್ಜ ಹಿಡಿದಳು. ಉಳಿದವರೂ ಸೇರಿದರು. ನಾನು ಮತ್ತೆ ಕುಳಿತೆ. ನಾಲ್ಕನೆಯ ತಂತಿ ಇಳಿಯುವ ಹೊತ್ತಿಗೆ ರಿತೇಶ್ ಕೈಯಲ್ಲಿದ್ದ ಫೋನು ಕೆಳಗಿಟ್ಟ. ಆರೂ ಮುಗಿದ ಮೇಲೆ, "ರಖೇಂಗೆ, ಆಂಟಿ" ಎಂದ, ಎರಡು ನಿಮಿಷ ಉಳಿಸಿಕೊಳ್ಳೋಣವೆಂದು.

24ರ ಭಾನುವಾರ ಸಂಜೆ ಆರಕ್ಕೆ ವಾಶಿಯಲ್ಲಿ ಕಾರ್ಯಕ್ರಮ. ಅತ್ತಿಗೆಯನ್ನೂ ಕರೆದುಕೊಂಡು ಬಾ. ನಿಮ್ಮಿಬ್ಬರ ಆಶೀರ್ವಾದ ನನ್ನ ಮೇಲಿರಲಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ
ನಳಿನಾಕ್ಷಿ

ಮರೆತ ಮಾತು: ನನ್ನನ್ನು ಸಭೆಗೆ ಪರಿಚಯಿಸುವವರು ಯಾರೆಂದು ರಿತೇಶ್ ಕೇಳಿದ. ನಿನ್ನನ್ನು ಕೇಳದೆಯೇ ನಿನ್ನ ಹೆಸರು ಬರೆಸಿದ್ದೇನೆ. ಮರೆತ ಮಾತು ಎಂದದ್ದು ಸುಳ್ಳು ಅಣ್ಣ, ಮರೆತೇ ಇಲ್ಲ. ಪ್ರತಿ ಕಚೇರಿಯ ಕೊನೆಗೆ ನೀನು ತಬಲಾದವರ ಹೆಸರು ಹೇಳುತ್ತಿದ್ದೆ, ಹಾರ್ಮೋನಿಯಂನವರ ಹೆಸರು ಹೇಳುತ್ತಿದ್ದೆ, ಮೈಕಿನವರನ್ನೂ ಬಿಡುತ್ತಿರಲಿಲ್ಲ. ಹಿಂದೆ ತಾನ್ಪುರಾ ಹಿಡಿದು ಕುಳಿತ ನಾನು ಪ್ರತಿ ಸಲವೂ ಕೈಮುಗಿಯಲು ಸಿದ್ಧಳಾಗುತ್ತಿದ್ದೆ. ಒಮ್ಮೆಯೂ ನನ್ನ ಹೆಸರು ಬರಲಿಲ್ಲ. ತುಂಬ ನೋವಾಗುತ್ತಿತ್ತು. ಈಗ ಭಾಷಣವೇನೂ ಬೇಡ. ಮೈಕಿನ ಮುಂದೆ ನಿಂತು, 'ನನ್ನ ತಂಗಿ' ಎನ್ನದೆ, 'ನಳಿನಾಕ್ಷಿ' ಎಂದು ಹೇಳಿ ಇಳಿದುಬಿಡು.