ಡಾಕ್ಟರ್ ಕೇಳಿದಾಗ ನೀವು ಸುಮ್ಮನಿದ್ದಿರಿ

ಕೌಶಲನ ಅಪ್ಪನವರೇ,

ನಿದ್ದೆಯಲ್ಲಿದ್ದೀರಿ, ಎಬ್ಬಿಸಲಿಲ್ಲ. ನಾನು ವರ್ತಕ ನಗರಕ್ಕೆ, ತಂಗಿಯ ಮನೆಗೆ ಹೊರಟೆ. ಕೌಶಲ್ ಜೊತೆಗಿದ್ದಾನೆ, ಗಾಬರಿಯಾಗಬೇಡಿ. ಇನ್ಸುಲಿನ್ ತೆಗೆದುಕೊಂಡು ತಿಂಡಿ ತಿಂದಿದ್ದೇನೆ. ರಶ್ ಕಡಿಮೆ ಇರುವ ಸ್ಲೋ ಲೋಕಲ್ ರೈಲಿನಲ್ಲೇ ಹೋಗುತ್ತೇವೆ.

ನಿನ್ನೆ ಡಾಕ್ಟರ್ ರಿಪೋರ್ಟ್ ನೋಡಿ, "ಶುಗರ್, ಹಾರ್ಟ್, ಕಿಡ್ನಿ, ಸಬ್ ಠೀಕ್ ಚಲ್ ರಹಾ ಹೈ. ಘರ್ ಮೇ ಕೌನ್ ಸಂಭಾಲ್ತಾ ಹೈ?" ಎಂದು, ಮನೆಯಲ್ಲಿ ನನ್ನನ್ನು ಯಾರು ನೋಡಿಕೊಳ್ಳುವುದೆಂದು ಕೇಳಿದಾಗ ನೀವು ಚೀಲದ ಜಿಪ್ ಎಳೆಯುತ್ತಾ ನಿಂತಿರಿ. ಕೊನೆಗೆ ನಾನೇ, "ಯೇ ಹೀ ಸಂಭಾಲ್ತೇ ಹೈಂ, ಹಮಾರೆ ಮಿಸ್ಟರ್" ಎಂದು ನಿಮ್ಮನ್ನೇ ತೋರಿಸಿದೆ.

ಒಂದು ಕಾಯಿಲೆಗೆ ಅನ್ನ ಕಡಿಮೆ, ಇನ್ನೊಂದಕ್ಕೆ ನೀರು ಕಡಿಮೆ, ಮತ್ತೊಂದಕ್ಕೆ ಉಪ್ಪು ಕಡಿಮೆ. ಅಷ್ಟರಲ್ಲೂ ನಾನು ಬಾಯಿ ಚಪ್ಪರಿಸುವ ಹಾಗೆ ಅಡುಗೆ ಮಾಡುತ್ತೀರಿ. ಇಷ್ಟು ವರ್ಷ ಹೋಟೆಲಿನಲ್ಲಿ ದುಡಿದರೂ ಮನೆಯಲ್ಲಿ ಒಂದು ಲೋಟ ತೊಳೆಯದವರು ನೀವು! ತಂಗಿಯ ಎದುರು ಇವತ್ತು ಜಂಬ ಕೊಚ್ಚಿಕೊಳ್ಳುತ್ತೇನೆ, ಬೇಡ ಅನ್ನಬೇಡಿ.

ಫ್ರಿಜ್‌ನಲ್ಲಿ ಬಂಗುಡೆ ಮೀನಿಗೆ ಮಸಾಲೆ ಹಚ್ಚಿಟ್ಟಿದ್ದೇನೆ. ನನ್ನ ಜೊತೆ ನೀವೂ ಸಪ್ಪೆ ಉಂಡದ್ದು ಸಾಕು. ನಾನು ಬರುವ ಮೊದಲೇ ಎಣ್ಣೆಯಲ್ಲಿ ಕಾಯಿಸಿ, ಹೊಟ್ಟೆ ತುಂಬ ಉಣ್ಣಿ. ಕಿಟಕಿ ಮಾತ್ರ ತೆರೆದಿಡಿ, ಆ ಪರಿಮಳ ಬಂದರೆ ನನಗೆ ತಡೆಯಲಾಗುವುದಿಲ್ಲ.

ಪುಷ್ಪಾ